ಪೀರರ ಅಪ್ಪಣೆಯೂ ಮತದಾರನ ಸಾಕ್ಷ್ಯವೂ

ಇಸ್ಲಾಮ್ ಮತ್ತು ಪ್ರಜಾಪ್ರಭುತ್ವ ಒಂದೇ ಸೂರಿನಡಿ ಬಾಳಲಾರವು ಎಂದು ವಾದಿಸುವವರು ಅರಬ್ ದೊರೆಗಳತ್ತ ಬೆರಳು ತೋರಿಸುತ್ತಾರೆ. ಪಶ್ಚಿಮ ಆಫ್ರಿಕಾದ ಸೆನೆಗಲ್‌ನತ್ತ ಅವರ ದೃಷ್ಟಿ ಹೊರಳುವುದೇ ಇಲ್ಲ. ಜನಸಂಖ್ಯೆಯ ಶೇಕಡಾ 90ಕ್ಕಿಂತಲೂ ಹೆಚ್ಚು ಮುಸ್ಲಿಮರಿರುವ ಈ ದೇಶದಲ್ಲಿ, 1960ರ ಸ್ವಾತಂತ್ರ್ಯದ ಬಳಿಕ ಒಮ್ಮೆಯೂ ಸೇನೆ ಅಧಿಕಾರವನ್ನು ಕಸಿದುಕೊಂಡಿಲ್ಲ. ನೆರೆಯ ಮಾಲಿಯಲ್ಲಿ 2020 ಮತ್ತು 2021ರಲ್ಲಿ, ಗಿನಿಯಲ್ಲಿ 2021ರಲ್ಲಿ ಸೈನಿಕರು ಅರಮನೆ ಹೊಕ್ಕಾಗಲೂ ಸೆನೆಗಲ್ ಮತಪೆಟ್ಟಿಗೆಯ ದಾರಿಯನ್ನು ಬಿಡಲಿಲ್ಲ. ಆದರೆ ಈ ಪ್ರಶಂಸೆಯಲ್ಲಿಯೇ ತೃಪ್ತರಾದರೆ ಆ ದೇಶದಿಂದ ಮುಸ್ಲಿಮರು ಕಲಿಯಬೇಕಾದ ನಿಜವಾದ ಪಾಠ ಕೈತಪ್ಪುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಸೆನೆಗಲ್‌ನ ಬಹುಪಾಲು ಮುಸ್ಲಿಮರು ತಿಜಾನಿಯ್ಯಾ, ಮುರೀದಿಯ್ಯಾ ಮೊದಲಾದ ಸೂಫಿ ತರೀಖತ್‌ಗಳಿಗೆ ಸೇರಿದವರು. ಫ್ರೆಂಚರು 1895ರಲ್ಲಿ ಗ್ಯಾಬೊನ್‌ಗೆ ಗಡೀಪಾರು ಮಾಡಿದ್ದ ಶೇಖ್ ಅಹ್ಮದು ಬಂಬಾ ಅವರೇ ಮುರೀದಿಯ್ಯಾದ ಸ್ಥಾಪಕರು. ತೂಬಾ ನಗರ ಅದರ ಕೇಂದ್ರ. ಪೀರರು ಮುರೀದರಿಗೆ ಕೊಡುವ ಅಪ್ಪಣೆಯನ್ನು ಅಲ್ಲಿ 'ನ್ದಿಗಲ್' ಎನ್ನುತ್ತಾರೆ. ಹೊಲದ ಕೆಲಸಕ್ಕೆ, ಮಸೀದಿಯ ನಿರ್ಮಾಣಕ್ಕೆ ನೀಡುತ್ತಿದ್ದ ಈ ಅಪ್ಪಣೆ ಕ್ರಮೇಣ ಮತಗಟ್ಟೆಯೊಳಕ್ಕೂ ನುಸುಳಿತು.

ಅದರ ಫಲವೇನು? ಪ್ರಥಮ ಅಧ್ಯಕ್ಷ ಸೆಂಗೋರ್ ಕ್ಯಾಥೊಲಿಕ್ ಕ್ರೈಸ್ತರಾಗಿದ್ದರು. ಮುಸ್ಲಿಮ್ ಬಹುಸಂಖ್ಯಾತರು ಅವರನ್ನು 20 ವರ್ಷ ಒಪ್ಪಿಕೊಂಡದ್ದು ಹೆಮ್ಮೆಯ ಸಂಗತಿಯೇ ಸರಿ. ಆದರೆ ಅದರ ಇನ್ನೊಂದು ಮಗ್ಗುಲನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ. ಪ್ರಧಾನಿ ಮಮದೂ ದಿಯಾ ನಿಷ್ಠಾವಂತ ಮುಸ್ಲಿಮರು. ನೆಲಗಡಲೆ ಬೆಳೆಯುವ ಬಡರೈತನನ್ನು ದಲ್ಲಾಳಿಗಳ ಹಿಡಿತದಿಂದ ಬಿಡಿಸಲು ಹೊರಟವರು. ಆ ವ್ಯಾಪಾರದಲ್ಲಿ ಪ್ರಬಲ ಪೀರರ ಹಿತವೂ ಸೇರಿತ್ತು. 1962ರ ಬಿಕ್ಕಟ್ಟಿನಲ್ಲಿ ಅವರು ನಿಂತದ್ದು ಸೆಂಗೋರ್ ಪಾಳಯದಲ್ಲಿ. ದಿಯಾ 1974ರವರೆಗೆ ಸೆರೆಮನೆಯಲ್ಲಿ ಕೊಳೆತರು. ಧರ್ಮದ ಹೆಸರಿನ ಅಪ್ಪಣೆ ಧರ್ಮನಿಷ್ಠನ ನೆರವಿಗೂ ಬರಲಿಲ್ಲ, ರೈತನ ನೆರವಿಗೂ ಬರಲಿಲ್ಲ.

1988ರಲ್ಲಿ ಮುರೀದಿಯ್ಯಾದ ಖಲೀಫರು ಅಧ್ಯಕ್ಷ ಅಬ್ದು ದಿಯೂಫ್‌ಗೆ ಮತ ನೀಡುವಂತೆ ಬಹಿರಂಗವಾಗಿ ಆದೇಶಿಸಿದರು. ದಿಯೂಫ್ ಗೆದ್ದರು. ಆದರೆ ರಾಜಧಾನಿ ಡಕಾರ್‌ನ ಬೀದಿಗಳಲ್ಲಿ ಯುವಕರ ಆಕ್ರೋಶ ಸ್ಫೋಟಿಸಿತು, ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಪೀರರ ಕೈಗೆ ಮುತ್ತಿಡುವ ಮುರೀದನೇ, ಮತ ಮಾತ್ರ ನನ್ನದು ಎನ್ನತೊಡಗಿದ. 1993ರಲ್ಲಿ ಹೊಸ ಖಲೀಫರು ಅಂತಹ ಆದೇಶ ಹೊರಡಿಸಲಿಲ್ಲ. (ಇಂಗಿತಗಳೂ ಸನ್ನೆಗಳೂ ಸಂಪೂರ್ಣ ನಿಂತವು ಎಂದು ನಾವು ಹೇಳುತ್ತಿಲ್ಲ.) 2000ದಲ್ಲಿ ದಿಯೂಫ್ ಸೋತು ಗೌರವದಿಂದ ನಿರ್ಗಮಿಸಿದರು. 2012ರಲ್ಲಿ ಮೂರನೆಯ ಅವಧಿಗೆ ಹಟ ಹಿಡಿದ ಅಬ್ದುಲಾಯೆ ವಾದ್ ಅವರನ್ನೂ ಜನ ಮನೆಗೆ ಕಳುಹಿಸಿದರು.

ಮತವೆಂದರೇನು? ಅದು ಸಾಕ್ಷ್ಯ, ಶಿಫಾರಸು ಮತ್ತು ವಕಾಲತ್ ಎಂದು ಉಪಖಂಡದ ವಿದ್ವಾಂಸ ಮುಫ್ತಿ ಮುಹಮ್ಮದ್ ಶಫೀ ವಿವರಿಸಿದ್ದರು. ಮತ ಸಾಕ್ಷ್ಯವಾದರೆ, ತಾನು ಕಂಡದ್ದನ್ನು ಹೇಳುವ ಹೊಣೆ ಸಾಕ್ಷಿಯದ್ದೇ ಆಗಿದೆ. ಸಾಕ್ಷಿಯ ಬಾಯಲ್ಲಿ ತನ್ನ ಮಾತನ್ನು ತುರುಕುವ ಅಧಿಕಾರ ಯಾವ ಪೀರನಿಗಿದೆ? ವಿದ್ವಾಂಸರು ನ್ಯಾಯದ ಮಾನದಂಡವನ್ನು ಬೋಧಿಸಲಿ, ಅಭ್ಯರ್ಥಿಯ ಹೆಸರನ್ನಲ್ಲ.

2024ರ ಪರೀಕ್ಷೆ ಇನ್ನೂ ಕಠಿಣವಾಗಿತ್ತು. ವಿರೋಧ ಪಕ್ಷವಾದ ಪಾಸ್ತೆಫ್ ಅನ್ನು 2023ರ ಜುಲೈಯಲ್ಲಿ ವಿಸರ್ಜಿಸಲಾಗಿತ್ತು. ಅದರ ನಾಯಕ ಉಸ್ಮಾನ್ ಸೋಂಕೊ ಜೈಲಿನಲ್ಲಿದ್ದರು, ಸ್ಪರ್ಧೆಗೂ ಅನರ್ಹರಾಗಿದ್ದರು. ಪ್ರತಿಭಟನೆಗಳಲ್ಲಿ ಹತ್ತಾರು ಮಂದಿ ಪ್ರಾಣ ಕಳೆದುಕೊಂಡಿದ್ದರು. ಫೆಬ್ರವರಿ 25ಕ್ಕೆ ನಿಗದಿಯಾಗಿದ್ದ ಚುನಾವಣೆಯನ್ನು ಅಧ್ಯಕ್ಷ ಮಾಕಿ ಸಾಲ್ ಫೆಬ್ರವರಿ 3ರಂದು ತಡೆದರು. ಆಕ್ಷೇಪಿಸಿದ ಸಂಸದರನ್ನು ಸಶಸ್ತ್ರ ಪೊಲೀಸರು ಹೊರದಬ್ಬಿದ ಬಳಿಕ ಸಂಸತ್ತು ಚುನಾವಣೆಯನ್ನು ಡಿಸೆಂಬರ್‌ಗೆ ಮುಂದೂಡಿತು. ಸಂವಿಧಾನ ಮಂಡಳಿ ಫೆಬ್ರವರಿ 15ರಂದು ಈ ಕ್ರಮವನ್ನು ರದ್ದುಪಡಿಸಿತು. ಮಾರ್ಚ್ 24ರಂದು, ರಮಝಾನ್ ಉಪವಾಸದ ದಿನಗಳಲ್ಲಿ, ಜನ ಸಾಲುಗಟ್ಟಿ ನಿಂತರು. ಹತ್ತು ದಿನಗಳ ಹಿಂದಷ್ಟೇ ಜೈಲಿನಿಂದ ಹೊರಬಂದಿದ್ದ ಬಸ್ಸಿರು ದಿಯೊಮಾಯೆ ಫಾಯೆ ಮೊದಲ ಸುತ್ತಿನಲ್ಲಿಯೇ ಶೇಕಡಾ 54ರಷ್ಟು ಮತ ಗಳಿಸಿದರು. ಆಡಳಿತ ಪಕ್ಷದ ಅಭ್ಯರ್ಥಿ ಅಮದೂ ಬಾ ಸೋಲನ್ನು ಒಪ್ಪಿ ಅಭಿನಂದಿಸಿದರು.

ಆದರೂ ಒಂದು ಅಳುಕು ನಮ್ಮನ್ನು ಕಾಡುತ್ತದೆ. 'ದಿಯೊಮಾಯೆ ಎಂದರೆ ಸೋಂಕೊ' ಎಂಬುದೇ ಆ ಚುನಾವಣೆಯ ಘೋಷಣೆಯಾಗಿತ್ತು. ಸೋಂಕೊ ಬೆರಳು ತೋರಿಸಿದ ವ್ಯಕ್ತಿಗೆ ಜನ ಮತ ಹಾಕಿದರು. ಗೆದ್ದ ಫಾಯೆ ಸೋಂಕೊರನ್ನೇ ಪ್ರಧಾನಿಯಾಗಿ ನೇಮಿಸಿದರು. ತೂಬಾದ ಪೀರರಿಂದ ಬಿಡಿಸಿಕೊಂಡ ಮತವನ್ನು ಡಕಾರ್‌ನ ರಾಜಕಾರಣಿಗೆ ಒಪ್ಪಿಸಿದಂತಾಯಿತೇ? 2024ರ ನವೆಂಬರ್‌ನ ಸಂಸತ್ ಚುನಾವಣೆಯಲ್ಲಿ 165 ಸ್ಥಾನಗಳ ಪೈಕಿ 130 ಪಾಸ್ತೆಫ್ ಪಾಲಾದವು. ಹಿಂದಿನ ಸರಕಾರ ದೇಶದ ಸಾಲವನ್ನು ಕಡಿಮೆ ತೋರಿಸಿತ್ತೆಂದು ಲೆಕ್ಕಪರಿಶೋಧನಾ ನ್ಯಾಯಾಲಯ 2025ರ ಫೆಬ್ರವರಿಯಲ್ಲಿ ದೃಢಪಡಿಸಿತು. ಲೆಕ್ಕ ಕೇಳುವ ವಿರೋಧ ಪಕ್ಷ ಬಲಹೀನವಾಗಿರುವ ಸದನದಲ್ಲಿ ಗೆದ್ದವರ ಲೆಕ್ಕವನ್ನು ಕೇಳುವವರು ಯಾರು? ಆ ಪ್ರಶ್ನೆಯನ್ನು ಈಗ ಎತ್ತಬೇಕಾದವರು, 2024ರಲ್ಲಿ ಬೀದಿಗಿಳಿದು ಚುನಾವಣೆಯನ್ನು ಉಳಿಸಿಕೊಂಡ ಅದೇ ಯುವಕರು.