ಅಗ್ಗದ ಆಪರೇಷನ್ ಯಾರಿಗೆ ಅಗ್ಗ?

ನಾನು ಡಾಕ್ಟರಲ್ಲ, ಕೋಡ್ ಬರೆದು ಹೊಟ್ಟೆ ಹೊರೆಯೋನು. ಆದ್ರೂ ನಮ್ಮ ಚಿಕ್ಕೋಡಿ ಕಡೆ ಸ್ತನ ಕ್ಯಾನ್ಸರ್ ಅಂದ ಕೂಡಲೇ ಕೇಳಿಬರೋ ಒಂದು ಮಾತು ತಲೆ ಕೊರೀತಿದೆ: "ಪೂರಾ ತೆಗಿಸಿಬಿಡ್ರಿ, ಖರ್ಚೂ ಕಡಿಮಿ, ಓಡ್ಯಾಟಾನೂ ಇಲ್ಲ."

ಗಡ್ಡೆ ಚಿಕ್ಕದಿರುವಾಗಲೇ ಸಿಕ್ಕರೆ ಸಾಮಾನ್ಯವಾಗಿ ಎರಡು ದಾರಿ. ಇಡೀ ಸ್ತನ ತೆಗೆಯೋದು, ಇಲ್ಲಾ ಗಡ್ಡೆಯಷ್ಟೇ ತೆಗೆದು ಆಮೇಲೆ ರೇಡಿಯೇಶನ್ ಕೊಡೋದು. ಅಮೆರಿಕದ ಬರ್ನಾರ್ಡ್ ಫಿಶರ್, ಇಟಲಿಯ ಉಂಬೆರ್ಟೊ ವೆರೊನೆಸಿ ಇಬ್ಬರ ತಂಡಗಳೂ ಸುಮಾರು 20 ವರ್ಷ ರೋಗಿಗಳ ಬೆನ್ನುಹತ್ತಿ 2002ರಲ್ಲಿ ಹೇಳಿದ್ದು ಒಂದೇ: ಬದುಕುಳಿಯೋ ಲೆಕ್ಕದಲ್ಲಿ ಎರಡೂ ಸಮ. ಅಂದ್ಮೇಲೆ ಆಯ್ಕೆ ಆ ಹೆಂಗಸಿನದಾಗಬೇಕಿತ್ತು. ನಮ್ಮಲ್ಲಿ ಅದನ್ನ ಬಸ್ಸಿನ ಟೈಮ್‌ಟೇಬಲ್ ನಿರ್ಧರಿಸುತ್ತೆ!

ಯಾಕಂದ್ರೆ ರೇಡಿಯೇಶನ್‌ಗೆ ದಿನಾ ಹೋಗಬೇಕು. ಮೊದಲು ಐದಾರು ವಾರ, ಈಗ ಹಲವು ಕಡೆ ಮೂರು ವಾರ. ಹೋಗೋದು ಬೆಳಗಾವಿಗೆ, ಇಲ್ಲಾ ಗಡಿ ದಾಟಿ ಮಿರಜ, ಕೊಲ್ಹಾಪುರಕ್ಕೆ. ಕಾಗವಾಡದವರಿಗೆ ಮಿರಜ ಪಕ್ಕದಲ್ಲೇ, ರಾಯಬಾಗದವರಿಗೆ ರೈಲಾದರೂ ಇದೆ. ಅಥಣಿ, ನಿಪ್ಪಾಣಿ ಊರುಗಳಿಗೆ ಅದೂ ಇಲ್ಲ. ಆಯುಷ್ಮಾನ್ ಕಾರ್ಡು ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಖರ್ಚು ನೋಡಿಕೊಳ್ಳುತ್ತೆ, ಸರಿ. 2023ರ ಜೂನ್‌ನಿಂದ ರಾಜ್ಯದೊಳಗೆ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸು ಫ್ರೀ, ಅದೂ ಸರಿ. ಆದ್ರೆ ನಿಪ್ಪಾಣಿಯಲ್ಲಿ ಬೀಡಿ ಕಟ್ಟುವಾಕೆಯ ಮೂರು ವಾರದ ಕೂಲಿ? ಜೊತೆಗೆ ಹೋಗೋ ಮಗನ ಪಗಾರ? ಇದನ್ನ ಯಾವ ಕಾರ್ಡೂ ಕೊಡಲ್ಲ.

ಹಾಗಾಗಿ ಪೂರಾ ತೆಗೆಸೋದು "ಅಗ್ಗ" ಆಗುತ್ತೆ. ಆಮೇಲೆ ವರ್ಷಗಟ್ಟಲೆ ಸೆರಗು ಎಳೆದುಕೊಳ್ಳೋದು, ಮದುವೆ ಮನೆಗೆ ಹೋಗದೇ ಉಳಿಯೋದು ಬಿಲ್ಲಿನಲ್ಲಿ ಬರಲ್ಲವಲ್ಲ. ಮೇಂಟೆನನ್ಸ್ ಬಿಟ್ಟು ಎಸ್ಟಿಮೇಟ್ ಕೊಟ್ಟ ಹಾಗೆ (ನಮ್ಮ ಮ್ಯಾನೇಜರುಗಳಿಗೆ ಇದು ಚೆನ್ನಾಗಿ ಗೊತ್ತು). ಕಂಕುಳಿನ ಗಂಟುಗಳಿಗೆ ಹರಡಿದ್ದರಂತೂ ಪೂರಾ ತೆಗೆದ ಮೇಲೂ ಬಹಳ ಸಲ ರೇಡಿಯೇಶನ್ ಬೇಕಾಗುತ್ತೆ. ಓಡ್ಯಾಟ ತಪ್ಪಿಸೋಕೆ ಅಂತ ತೆಗೆಸಿಕೊಂಡವಳಿಗೆ ಓಡ್ಯಾಟವೂ ತಪ್ಪಲಿಲ್ಲ.

ಪೂರಾ ತೆಗೆಸಿದ್ರೇ ನೆಮ್ಮದಿ ಅನ್ನೋರೂ ಇದ್ದಾರೆ, ಕೆಲವರಿಗೆ ಬೇರೆ ದಾರಿಯೂ ಇರಲ್ಲ. ಅದರ ಬಗ್ಗೆ ನನ್ನ ತಕರಾರಿಲ್ಲ.

2020ರಲ್ಲಿ ಬ್ರಿಟನ್ನಿನ ಫಾಸ್ಟ್-ಫಾರ್ವರ್ಡ್ ಅಧ್ಯಯನ ಒಂದೇ ವಾರದಲ್ಲಿ 5 ಡೋಸ್ ಕೊಟ್ಟರೂ ಐದು ವರ್ಷಗಳ ಫಲಿತಾಂಶ ಮೂರು ವಾರದ ಚಿಕಿತ್ಸೆಗಿಂತ ಕಮ್ಮಿಯಿಲ್ಲ ಅಂತ ತೋರಿಸಿತು. ಎಲ್ಲರಿಗೂ ಹೊಂದಲ್ಲ, ನಿಜ. ಹೊಂದೋರಿಗೆ ಐದು ದಿನದ ಕೂಲಿ, ಆಸ್ಪತ್ರೆ ಹತ್ತಿರ ಇಬ್ಬರಿಗೊಂದು ರೂಮು, ಇಷ್ಟನ್ನ ಸರ್ಕಾರ ಆ ಕಾರ್ಡಿಗೇ ಸೇರಿಸಿದ್ರೆ ಎಷ್ಟಾದೀತು? ಅಥಣಿ, ರಾಯಬಾಗ ಕಡೆಯ ಬ್ಲಾಗಿಗರು ಯಾರಾದ್ರೂ ಇದ್ರೆ ನಿಮ್ಮೂರಿನ ಲೆಕ್ಕ ಕಾಮೆಂಟಿಸಿ.