ಗ್ರಾಫಿಕ್ಸ್ ಕಾರ್ಡಿನ ಮಾರಾಟದಲ್ಲಿ ವರ್ತಕನ ಮಾತಿನ ಬೆಲೆ

2025ರ ಜನವರಿಯಲ್ಲಿ ಅಮೆರಿಕದ ಲಾಸ್ ವೇಗಾಸ್‌ನಲ್ಲಿ ಎನ್‌ವಿಡಿಯಾ ಸಂಸ್ಥೆಯ ಮುಖ್ಯಸ್ಥರಾದ ಜೆನ್‌ಸೆನ್ ಹುವಾಂಗ್ ಅವರು, 549 ಡಾಲರ್ ಬೆಲೆಯ ಆರ್‌ಟಿಎಕ್ಸ್ 5070 ಕಾರ್ಡು, 2022ರಲ್ಲಿ 1,599 ಡಾಲರ್ ಬೆಲೆಗೆ ಬಿಡುಗಡೆಯಾಗಿದ್ದ ಆರ್‌ಟಿಎಕ್ಸ್ 4090ರ ಕಾರ್ಯಕ್ಷಮತೆಯನ್ನೇ ನೀಡುವುದೆಂದು ಘೋಷಿಸಿದರು. ಕೃತಕ ಬುದ್ಧಿಮತ್ತೆಯಿಲ್ಲದೆ ಇದು ಅಸಾಧ್ಯವೆಂದೂ ಅವರೇ ಹೇಳಿದ್ದರು. ಮೊದಲ ಮಾತು ಬೇಗ ಹಬ್ಬಿತು, ಎರಡನೆಯದು ಹಿಂದುಳಿಯಿತು. ಬಿಡಿಭಾಗಗಳನ್ನು ಮಾರುವ ವರ್ತಕರು ಗಮನಿಸಬೇಕಾದದ್ದು ಎರಡನೆಯದನ್ನೇ.

2020ರ ಸೈಬರ್‌ಪಂಕ್ 2077, 2023ರ ಅಲನ್ ವೇಕ್ 2 ಮುಂತಾದ ಆಟಗಳಲ್ಲಿ ಬೆಳಕಿನ ಚಲನೆಯನ್ನು ಪೂರ್ಣವಾಗಿ ಲೆಕ್ಕಹಾಕುವ ವಿಧಾನವನ್ನು ಆರಿಸಿಕೊಂಡರೆ ಎಂತಹ ಕಾರ್ಡಿಗೂ ಅದು ಭಾರವೇ. ಆದ್ದರಿಂದ ತಯಾರಕರು ಹೊಸ ಉಪಾಯವೊಂದನ್ನು ತಂದರು. 50ರ ಸರಣಿಯ ಕಾರ್ಡು ಒಂದು ಫ್ರೇಮನ್ನು ನಿಜವಾಗಿ ರಚಿಸಿ, ಅದರ ಬೆನ್ನಿಗೆ ಮೂರು ಫ್ರೇಮುಗಳನ್ನು ಊಹೆಯಿಂದ ಸೇರಿಸಬಲ್ಲದು. 4090 ಸೇರಿಸಬಲ್ಲುದು ಒಂದನ್ನು ಮಾತ್ರ. ಹೋಲಿಕೆಯ ಗುಟ್ಟು ಇಲ್ಲಿದೆ. ಸೆಕೆಂಡಿಗೆ 30 ಫ್ರೇಮುಗಳಿಗೆ ತಿಣುಕುವ ಯಂತ್ರ ಪರದೆಯ ಮೇಲೆ ನೂರನ್ನು ದಾಟಿಸಿ ತೋರಿಸಬಹುದು. ಆದರೆ ಆಟಗಾರನ ಮೌಸ್‌ಗೆ ಆಟ ಸ್ಪಂದಿಸುವುದು 30ರ ಗತಿಯಲ್ಲಿಯೇ, ಕೆಲವೊಮ್ಮೆ ಅದಕ್ಕಿಂತಲೂ ತಡವಾಗಿ. ಮೂಲ ಗತಿ 60ರ ಮೇಲಿದ್ದಾಗ ಈ ಉಪಾಯ ಸೊಗಸಾಗಿ ಕೆಲಸ ಮಾಡುತ್ತದೆ ಎಂಬುದನ್ನೂ ಒಪ್ಪಲೇಬೇಕು. ಅದನ್ನು ಮೋಸವೆಂದು ಜರೆಯುವುದು ಸರಿಯಲ್ಲ. ಅದನ್ನು ಬಲವೆಂದು ಮಾರುವುದು ಮಾತ್ರ ತಪ್ಪು.

ಹೆಸರಿನ ಗೊಂದಲವೂ ಹಳೆಯದೇ. 2016ರಲ್ಲಿ ಜಿಟಿಎಕ್ಸ್ 1060 ಎಂಬ ಒಂದೇ ಹೆಸರಿನಲ್ಲಿ 6 ಜಿಬಿ ಮತ್ತು 3 ಜಿಬಿ ಕಾರ್ಡುಗಳು ಬಂದವು. ಮೊದಲನೆಯದರಲ್ಲಿ 1,280 ಗಣಕ ಘಟಕಗಳು, ಎರಡನೆಯದರಲ್ಲಿ 1,152. ವ್ಯತ್ಯಾಸ ಸ್ಮರಣೆಯದು ಮಾತ್ರವೆಂದು ಕೊಂಡವರು ಭಾವಿಸಿದ್ದರೆ ಆಶ್ಚರ್ಯವಿಲ್ಲ. 2022ರಲ್ಲಿ 12 ಜಿಬಿಯ 4080 ಎಂದು ಘೋಷಿತವಾದ ಕಾರ್ಡನ್ನು ಟೀಕೆಗಳ ನಡುವೆ ಹಿಂದೆಗೆದುಕೊಂಡು, 2023ರ ಜನವರಿಯಲ್ಲಿ 4070 ಟಿಐ ಎಂಬ ಹೆಸರಿನಿಂದ 100 ಡಾಲರ್ ಕಡಿಮೆ ಬೆಲೆಗೆ ತರಲಾಯಿತು.

ತಯಾರಕನ ಪ್ರಚಾರವನ್ನು ಅಂಗಡಿಯಲ್ಲಿ ಪುನರುಚ್ಚರಿಸಿದರೆ ತನಗೇನು ಬಾಧಕವೆಂದು ವರ್ತಕನು ಕೇಳಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿಯ ವ್ಯಾಖ್ಯೆಯು, ಸರಕಿನ ಗುಣಮಟ್ಟದ ಬಗ್ಗೆ ಬಾಯಿಮಾತಿನಲ್ಲಿ ನೀಡಿದ ಸುಳ್ಳು ಹೇಳಿಕೆಯನ್ನೂ ಒಳಗೊಂಡಿದೆ. ಕಾನೂನನ್ನು ಬದಿಗಿಟ್ಟರೂ, ಅಂತರಜಾಲದ ಮಳಿಗೆಗಳೊಡನೆ ಬೆಲೆಯಲ್ಲಿ ಸೆಣಸಲಾಗದ ಬೆಂಗಳೂರಿನ ಎಸ್.ಪಿ. ರಸ್ತೆಯ ಸಣ್ಣ ಅಂಗಡಿಗೆ ಉಳಿದಿರುವ ಬಂಡವಾಳವೆಂದರೆ ಸಲಹೆ. ಅದೂ ಹುಸಿಯಾದರೆ ಗಿರಾಕಿ ಮತ್ತೇಕೆ ಮೆಟ್ಟಿಲು ಹತ್ತಬೇಕು?

ಆದುದರಿಂದ ದರಪಟ್ಟಿ ಕೊಡುವಾಗಲೇ ಆಟದ ಹೆಸರು, ಪರದೆಯ ರೆಸಲ್ಯೂಷನ್, ಊಹೆಯ ಫ್ರೇಮುಗಳನ್ನು ಬಿಟ್ಟು ದೊರೆಯುವ ಗತಿ, ಕಾರ್ಡಿನ ಸ್ಮರಣೆ ಇವಿಷ್ಟನ್ನು ಬರೆದುಕೊಡುವುದು ಒಳಿತು. ಅಂಗಡಿಯಲ್ಲಿ ಒಂದು ಪ್ರಾತ್ಯಕ್ಷಿಕೆಯ ಯಂತ್ರವಿರುವುದು ಇನ್ನೂ ಒಳಿತು. ಅದರ ಖರ್ಚು ಹಗುರವಲ್ಲ, ಆದರೆ ಎರಡು ನಿಮಿಷ ಮೌಸ್ ಹಿಡಿದ ಗಿರಾಕಿಗೆ ವಿವರಣೆಯೇ ಬೇಕಾಗದು. ಅನಿಮೇಷನ್ ಘಟಕಗಳಿಗೆ ಯಂತ್ರ ಜೋಡಿಸಿಕೊಡುವ ಸಣ್ಣ ಉದ್ಯಮಿಗಳಂತೂ ಹೆಚ್ಚು ಎಚ್ಚರದಿಂದಿರಬೇಕು. ಅಲ್ಲಿ ಅಂತಿಮ ಚಿತ್ರವನ್ನು ರಚಿಸುವಾಗ ಆಟದ ಊಹೆಯ ಫ್ರೇಮುಗಳು ನೆರವಿಗೆ ಬಾರವು. 5070ರ 12 ಜಿಬಿಗೂ 4090ರ 24 ಜಿಬಿಗೂ ಇರುವ ಅಂತರವು ಮೊದಲ ದೊಡ್ಡ ಕೆಲಸದಲ್ಲಿಯೇ ಬಯಲಾಗುತ್ತದೆ.