ಮಾತ್ರೆ ಬದಲಾದರೆ ಸಾಲದು
ಅಮೆರಿಕದ ಆಸ್ಪತ್ರೆಗಳಲ್ಲಿ ನಿದ್ದೆಗೂ ಆತಂಕಕ್ಕೂ ಲೊರಾಜೆಪಾಮ್‌ನಂಥ ಬೆಂಜೊಡಯಜೆಪೀನ್ ಗುಂಪಿನ ಮಾತ್ರೆ ಬರೆಯಲು ವೈದ್ಯರು ಈಗ ಹಿಂಜರಿಯುತ್ತಾರೆ; ಹಿಂಜರಿಯಲೇಬೇಕು. ಬಿದ್ದು ಮೂಳೆ ಮುರಿಯುವ, ಸನ್ನಿ ಹಿಡಿಯುವ ಅಪಾಯ ಕಂಡೇ ವೃದ್ಧರಿಗೆ ಸಲ್ಲದ ಔಷಧಗಳನ್ನು ಹೆಸರಿಸುವ ಬಿಯರ್ಸ್ ಪಟ್ಟಿ 2012ರಲ್ಲಿ ಅವರ ನಿದ್ರಾಹೀನತೆಗೆ ಇವು ಬೇಡವೆಂದಿತು. 2020ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಚಟ, ಅವಲಂಬನೆಯ ಎಚ್ಚರಿಕೆಯನ್ನೂ ಸೇರಿಸಿತು. ಆದರೆ ತೆರವಾದ ಜಾಗಕ್ಕೆ ಟ್ರಾಜೊಡೋನ್, ಕ್ವೆಟಿಯಪೀನ್ ಬಂದು ಕೂತಿವೆ. ಖಿನ್ನತೆ, ಸ್ಕಿಜೊಫ್ರೇನಿಯಾದಂಥ ಕಾಯಿಲೆಗಳಿಗೆಂದು ಒಪ್ಪಿಗೆ ಪಡೆದ ಈ ಔಷಧಗಳಿಗೆ ನಿದ್ದೆಯ ಪರವಾನಗಿ ಇಲ್ಲ, ಇವುಗಳಿಂದಲೂ ಮುದುಕರು ಬೀಳುತ್ತಾರೆ. ಹಾಗಾದರೆ ರಾತ್ರಿಯಿಡೀ ಹೊರಳಾಡುವ ರೋಗಿಯನ್ನು ಸುಮ್ಮನೆ ಬಿಡಬೇಕೇ? ಪ್ರಶ್ನೆ ನ್ಯಾಯವಾದದ್ದೇ. ವರ್ಷಗಟ್ಟಲೆ ಬೆಂಜೊಡಯಜೆಪೀನ್ ನುಂಗಿದವರಿಗೆ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಅವರಿಗೆ ಪ್ರಮಾಣವನ್ನು ನಿಧಾನವಾಗಿಯೇ ಇಳಿಸಬೇಕು. ಉಳಿದವರನ್ನು ಎಬ್ಬಿಸುತ್ತಿರುವುದೋ, ನಡುರಾತ್ರಿಯ ಬಿಪಿ ತಪಾಸಣೆ, ಮಾನಿಟರಿನ ಕೂಗು, ಆರದ ದೀಪ, ಬೆಳಗಿನ ಜಾವ 4ಕ್ಕೆ ರಕ್ತ ತೆಗೆಯುವ ವಾಡಿಕೆ. ಸ್ಥಿರವಾಗಿರುವ ರೋಗಿಯ ರಕ್ತವನ್ನು 6ಕ್ಕೆ ತೆಗೆಯಲಿ.